ಕಲ್ಲಿಗಿಂತ ಮೊದಲು ಹೆಸರು



ನಮ್ಮೂರಿನಿಂದ ಸೇನೆಗೆ ಹೋಗಿ ಮರಳಿ ಬಾರದವರಿಗೆ ಒಂದು ಸ್ಮಾರಕ ಕಟ್ಟಬೇಕೆಂದು ನೀವು ಹೊರಟಿದ್ದೀರಿ. ಒಳ್ಳೆಯ ಕೆಲಸ. ಚಂದಾ ಪುಸ್ತಕ ಆಗಲೇ ಅಚ್ಚಾಗಿದೆ, ಶಿಲ್ಪಿಯ ಹತ್ತಿರ ದರ ವಿಚಾರಿಸಿದ್ದೀರಿ, ಉದ್ಘಾಟನೆಗೆ ಯಾರನ್ನು ಕರೆಯಬೇಕೆಂಬ ಚರ್ಚೆಯೂ ನಡೆದಿದೆಯಂತೆ. ನನ್ನ ಪಾಲಿನ ಚಂದಾ ಕೊಡುತ್ತೇನೆ. ಅದರ ಜೊತೆಗೆ ನಾಲ್ಕು ಮಾತನ್ನೂ ಕೊಡುತ್ತೇನೆ. ಅದಕ್ಕೆ ರಸೀದಿ ಬೇಡ.

ಮೊದಲ ಮಾತು ಇದು: ಕಲ್ಲಿಗೆ ಮುಂಗಡ ಕೊಡಬೇಡಿ. ನಿಮ್ಮ ಕರಪತ್ರದಲ್ಲಿ ಸ್ಮಾರಕದ ಎತ್ತರ ಇದೆ, ಅಗಲ ಇದೆ, ಅಂದಾಜು ವೆಚ್ಚ ಇದೆ. ಹೆಸರು ಮಾತ್ರ ಎರಡೇ ಇವೆ. ಆ ಇಬ್ಬರ ಹೆಸರು ನಿಮಗೆ ಗೊತ್ತಿರುವುದಕ್ಕೆ ಕಾರಣವಿದೆ. ಅವರು ತ್ರಿವರ್ಣ ಹೊದ್ದು ಊರಿಗೆ ಬಂದರು, ಶಾಲೆಯ ಮಕ್ಕಳು ರಸ್ತೆಯ ಎರಡೂ ಬದಿ ನಿಂತರು, ಟೀವಿಯವರು ಬಂದರು. 1999ರ ಕಾರ್ಗಿಲ್ ಯುದ್ಧಕ್ಕೆ ಮುಂಚೆ ಹೀಗಿರಲಿಲ್ಲ. ಮಡಿದವರ ದೇಹ ಊರಿಗೆ ಬರುವುದೇ ಅಪರೂಪ, ತಂತಿ ಬರುತ್ತಿತ್ತು. ಅಂಚೆಯವನು ಓದಿ ಹೇಳುತ್ತಿದ್ದ, ಮನೆಯವರು ಅಳುತ್ತಿದ್ದರು, ಮೂರು ದಿನಕ್ಕೆ ಊರು ಹೊಲದ ಕಡೆ ಮುಖ ಮಾಡುತ್ತಿತ್ತು. ಆ ತಂತಿಯ ಹುಡುಗರು ನಿಮ್ಮ ಪಟ್ಟಿಯಲ್ಲಿಲ್ಲ. ಅವರನ್ನು ಬಿಟ್ಟು ಕಟ್ಟಿದರೆ ಅದು ಊರಿನ ಸ್ಮಾರಕವಾಗುವುದಿಲ್ಲ, ನಿಮಗೆ ನೆನಪಿರುವವರ ಸ್ಮಾರಕವಾಗುತ್ತದೆ.

ಆದ್ದರಿಂದ ಒಂದು ನೋಟ್ ಪುಸ್ತಕ ಹಿಡಿದು ಮನೆಮನೆಗೆ ಹೋಗಿ. ‘ನಿಮ್ಮ ಮನೆಯಿಂದ ಯಾರಾದರೂ ಯುದ್ಧದಲ್ಲಿ ತೀರಿಕೊಂಡಿದ್ದಾರಾ’ ಎಂದು ಕೇಳಿದರೆ ‘ಇಲ್ಲಪ್ಪ’ ಎನ್ನುತ್ತಾರೆ. ‘ಮಿಲಿಟರಿಗೆ ಹೋಗಿ ತಿರುಗಿ ಬಾರದವರು ಯಾರು’ ಎಂದು ಅಜ್ಜಿಯರನ್ನು ಕೇಳಿ. ಒಂದೊಂದು ಯುದ್ಧದ ಹೆಸರು ಹಿಡಿದು ಕೇಳಿ. 1914ರಿಂದ 18ರ ಮೊದಲ ಮಹಾಯುದ್ಧ, 1939ರಿಂದ 45ರ ಎರಡನೆಯದು, 1947-48ರ ಕಾಶ್ಮೀರ, 1962ರ ಚೀನಾ ಯುದ್ಧ, 1965, 1971. 1984ರಿಂದ ಇವತ್ತಿನವರೆಗೂ ಸಿಯಾಚಿನ್. 1987ರಿಂದ 90ರವರೆಗೆ ಶ್ರೀಲಂಕಾದ ಶಾಂತಿಪಾಲನಾ ಪಡೆ. ಇದನ್ನಂತೂ ಮರೆಯಲೇಬೇಡಿ. ಆ ಕಾರ್ಯಾಚರಣೆಯಲ್ಲಿ ಸುಮಾರು 1,200 ಭಾರತೀಯ ಯೋಧರು ಸತ್ತರು. ಗೆದ್ದೆವು ಎಂದು ಹೇಳಿಕೊಳ್ಳುವಂಥ ಯುದ್ಧ ಅದಾಗಿರಲಿಲ್ಲ. ಹಾಗಾಗಿ ಸತ್ತವರ ಸುದ್ದಿಯನ್ನು ಊರುಗಳೂ ಮೆಲ್ಲಗೆ ಬಿಟ್ಟುಬಿಟ್ಟವು. ಇಪ್ಪತ್ತೆರಡು ವರ್ಷದ ಹುಡುಗ ಜಾಫ್ನಾದಲ್ಲಿ ಸತ್ತರೂ ಒಂದೇ, ದ್ರಾಸ್‌ನಲ್ಲಿ ಸತ್ತರೂ ಒಂದೇ. ಅವನ ತಾಯಿಗೆ ಸೋಲು ಗೆಲುವಿನ ಲೆಕ್ಕ ಇರಲಿಲ್ಲ.

ಹಳೆಯ ಎರಡು ಮಹಾಯುದ್ಧಗಳ ಕಾಲದವರು ಎಲ್ಲಿ ಸಿಗುತ್ತಾರೆ ಎನ್ನಬೇಡಿ. ಕಾಮನ್‌ವೆಲ್ತ್ ಸಮರ ಸಮಾಧಿ ಆಯೋಗ ಎಂಬ ಸಂಸ್ಥೆ 1917ರಲ್ಲಿ ಹುಟ್ಟಿತು. ಆ ಯುದ್ಧಗಳಲ್ಲಿ ಸತ್ತವರ ದಾಖಲೆ ಅದರ ಬಳಿ ಇದೆ, ಯಾರು ಬೇಕಾದರೂ ಹುಡುಕಿ ನೋಡಬಹುದು. ಎರಡನೆಯ ಮಹಾಯುದ್ಧದ ಎಷ್ಟೋ ಭಾರತೀಯ ಸೈನಿಕರ ದಾಖಲೆಯಲ್ಲಿ ತಂದೆಯ ಹೆಸರಿನ ಜೊತೆಗೆ ಊರಿನ ಹೆಸರೂ ಸಿಗುತ್ತದೆ. ಬರ್ಮಾದ ರಣರಂಗದಲ್ಲಿ ಸತ್ತು ಸಮಾಧಿಯೇ ಇಲ್ಲದ ಸುಮಾರು 27,000 ಮಂದಿಯ ಹೆಸರುಗಳು ಅಲ್ಲಿನ ತೌಕ್ಯಾನ್ ಎಂಬಲ್ಲಿರುವ ರಂಗೂನ್ ಸ್ಮಾರಕದ ಕಂಬಗಳ ಮೇಲಿವೆ. ಆ ಸಾಲಿನಲ್ಲಿ ನಮ್ಮ ಹೋಬಳಿಯ ಹೆಸರು ಇದ್ದರೂ ಇರಬಹುದು. ಹುಡುಕಿದರೆ ತಾನೇ ಗೊತ್ತಾಗುವುದು. ಸ್ವಾತಂತ್ರ್ಯಾನಂತರ ಮಡಿದವರ ಹೆಸರು ದೆಹಲಿಯ ರಾಷ್ಟ್ರೀಯ ಸಮರ ಸ್ಮಾರಕದಲ್ಲಿದೆ. 2019ರ ಫೆಬ್ರುವರಿ 25ರಂದು ಅದು ಉದ್ಘಾಟನೆಯಾದಾಗ ಗ್ರಾನೈಟ್ ಫಲಕಗಳ ಮೇಲೆ 25,942 ಹೆಸರುಗಳಿದ್ದವು. ಇನ್ನು ಜಿಲ್ಲಾ ಕೇಂದ್ರದಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇದೆ. ಮದ್ರಾಸ್ ಸ್ಯಾಪರ್ಸ್ ದಾಖಲೆಗಳು ಬೆಂಗಳೂರಿನಲ್ಲೇ ಇವೆ, ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲಿದೆ. ಪಂಚಾಯಿತಿಯ ಪತ್ರ ಹಿಡಿದು ಹೋಗಿ, ಸೈನಿಕ ಸಂಖ್ಯೆ ಇದ್ದರೆ ಅದನ್ನೂ ಹೇಳಿ. ಒಂದೇ ಊರಿನಲ್ಲಿ ಮೂವರು ಸಿದ್ದಪ್ಪಂದಿರು, ಇಬ್ಬರು ಅಬ್ದುಲ್ಲಂದಿರು ಇರುವಾಗ ಯಾರು ಯಾರೆಂದು ಬಿಡಿಸಿ ಹೇಳುವುದು ಆ ಸಂಖ್ಯೆ ಮಾತ್ರ.

ಹೆಸರು ಸಿಕ್ಕಮೇಲೆ ಅದನ್ನು ಹೇಗೆ ಬರೆಯಬೇಕೆಂಬ ಪ್ರಶ್ನೆ ಬರುತ್ತದೆ. ಸೇನೆಯ ಕಾಗದದಲ್ಲಿ ಹೆಸರು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಅದನ್ನು ನೋಡಿ ಕನ್ನಡಕ್ಕಿಳಿಸಿದರೆ ನಮ್ಮ ‘ಈರಣ್ಣ’ ಕಲ್ಲಿನ ಮೇಲೆ ‘ಇರಾನಾ’ ಆಗಿ ನಿಂತಿರುತ್ತಾನೆ. ಮನೆಯವರ ಬಾಯಿಂದ ಕೇಳಿ ಬರೆದುಕೊಳ್ಳಿ. ಬರೆದದ್ದನ್ನು ಅವರಿಗೇ ಓದಿ ಹೇಳಿ. ಶಿಲ್ಪಿ ಉಳಿ ಹಿಡಿಯುವ ಮುಂಚೆ ಕಾಗದದ ಮೇಲೆ ಅದೇ ಅಳತೆಯಲ್ಲಿ ಬರೆಸಿ, ಆ ಮನೆಯ ಒಬ್ಬರ ಸಹಿ ಹಾಕಿಸಿಕೊಳ್ಳಿ. ಅಚ್ಚಿನ ತಪ್ಪನ್ನು ಮರುಮುದ್ರಣದಲ್ಲಿ ತಿದ್ದಬಹುದು. ಕಲ್ಲಿನ ತಪ್ಪನ್ನು ಒಂದು ತಲೆಮಾರು ನೋಡಿಕೊಂಡು ಕೂರಬೇಕಾಗುತ್ತದೆ.

ಯಾರನ್ನು ಸೇರಿಸಬೇಕು ಎಂಬ ಜಗಳ ಬಂದೇ ಬರುತ್ತದೆ. ‘ಅವನು ಗುಂಡಿಗೆ ಸಾಯಲಿಲ್ಲ, ಲಾರಿ ಉರುಳಿ ಸತ್ತ’ ಎನ್ನುವವರಿರುತ್ತಾರೆ. ‘ಅವನು ಸೇನೆಯವನಲ್ಲ, ಸಿಆರ್‌ಪಿಎಫ್‌ನವನು’ ಎನ್ನುವವರಿರುತ್ತಾರೆ. ಎರಡಕ್ಕೂ ಉತ್ತರ ಇಟ್ಟುಕೊಂಡಿರಿ. 2016ರ ಫೆಬ್ರುವರಿಯಲ್ಲಿ ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್ ಹಿಮಕುಸಿತದಲ್ಲಿ ಸಿಕ್ಕಿಕೊಂಡರು. ಆರು ದಿನ ಹಿಮದಡಿಯಲ್ಲಿದ್ದು ಜೀವಂತವಾಗಿ ಹೊರಬಂದು, ದೆಹಲಿಯ ಆಸ್ಪತ್ರೆಯಲ್ಲಿ 11ರಂದು ತೀರಿಕೊಂಡರು. ಅವರಿಗೆ ಶತ್ರುವಿನ ಗುಂಡು ತಗುಲಿರಲಿಲ್ಲ. ಅವರಿಗಾಗಿ ಇಡೀ ನಾಡು ಅತ್ತಿತು. ಗುಂಡು ಎಲ್ಲಿ ತಾಗಿತು ಎಂದು ಆಗ ಯಾರೂ ಕೇಳಲಿಲ್ಲ. ಇನ್ನು ಅರೆಸೇನಾ ಪಡೆಯ ಮಾತು. 1959ರ ಅಕ್ಟೋಬರ್ 21ರಂದು ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀಯರ ಗುಂಡಿಗೆ ಎದೆಕೊಟ್ಟ ಹತ್ತು ಮಂದಿ ಪೊಲೀಸ್ ಪಡೆಯವರು. ಪ್ರತಿ ವರ್ಷ ಆ ದಿನ ನಾಡಿನುದ್ದಕ್ಕೂ ಪೊಲೀಸ್ ಸಂಸ್ಮರಣಾ ದಿನ ನಡೆಯುವುದು ಅವರ ನೆನಪಿಗೆ. ಸಮವಸ್ತ್ರದ ಬಣ್ಣ ನೋಡಿ ಹೆಸರು ಬಿಡಬೇಡಿ. ‘ಈ ಊರಿನಿಂದ ಹೋಗಿ, ಸೇವೆಯಲ್ಲಿದ್ದಾಗ, ಕರ್ತವ್ಯದ ಮೇಲೆ ಮಡಿದವರು’ ಎಂಬ ಒಂದೇ ಗೆರೆ ಎಳೆದುಕೊಳ್ಳಿ. ಆ ಗೆರೆಯನ್ನು ಗ್ರಾಮಸಭೆಯಲ್ಲಿ ಓದಿ, ಒಪ್ಪಿಗೆ ಪಡೆದು, ನಡಾವಳಿಯಲ್ಲಿ ಬರೆಸಿ. ಗೆರೆ ಮೊದಲು, ಹೆಸರು ಆಮೇಲೆ. ತಿರುಗುಮುರುಗು ಮಾಡಿದರೆ ಯಾವ ಹೆಸರು ಬಿಟ್ಟರೂ ಅದು ದ್ವೇಷದಿಂದ ಬಿಟ್ಟಂತೆಯೇ ಕಾಣುತ್ತದೆ.

ನೀವು ಕಟ್ಟಲು ಹೊರಟಿರುವುದು ಹೊಸ ಪದ್ಧತಿಯೇನೂ ಅಲ್ಲ. ನಮ್ಮ ಕನ್ನಡ ನೆಲದಲ್ಲಿ ಸಾವಿರದೈನೂರು ವರ್ಷದಿಂದ ಊರುಗಳು ಇದನ್ನೇ ಮಾಡಿಕೊಂಡು ಬಂದಿವೆ. ಕೆರೆ ಏರಿಯ ಮೇಲೆ, ಹಾಳು ಗುಡಿಯ ಮುಂದೆ ನಿಂತಿರುವ ವೀರಗಲ್ಲುಗಳನ್ನು ನೋಡಿಲ್ಲವೇ? ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಅವರಲ್ಲಿ ಬಹಳ ಮಂದಿ ದೊಡ್ಡ ಯುದ್ಧದಲ್ಲಿ ಸತ್ತವರಲ್ಲ. ಊರಿನ ದನಗಳನ್ನು ಹೊಡೆದುಕೊಂಡು ಹೋಗುವಾಗ ಅಡ್ಡ ಬಂದವರು, ಹೆಣ್ಣುಮಕ್ಕಳ ಮಾನ ಕಾಯಲು ಹೋದವರು, ಗಡಿಯ ಜಗಳದಲ್ಲಿ ಬಿದ್ದವರು. ಊರಿಗಾಗಿ ಸತ್ತರು, ಊರು ಕಲ್ಲು ನಿಲ್ಲಿಸಿತು. ಡಾ. ಆರ್. ಶೇಷಶಾಸ್ತ್ರಿಗಳು ‘ಕರ್ನಾಟಕದ ವೀರಗಲ್ಲುಗಳು’ ಎಂಬ ದೊಡ್ಡ ಅಧ್ಯಯನವನ್ನೇ ಬರೆದಿದ್ದಾರೆ. ತಾಲೂಕಿನ ಗ್ರಂಥಾಲಯದಲ್ಲಿ ಕೇಳಿ ನೋಡಿ. ಕಲ್ಲು ನಿಲ್ಲಿಸುವ ಮುಂಚೆ ನಿಮ್ಮಲ್ಲೊಬ್ಬರಾದರೂ ಅದನ್ನು ಓದಿರಬೇಕು.

ಆ ಹಳೆಯ ಕಲ್ಲುಗಳಲ್ಲಿ ಎರಡು ಸಂಗತಿ ನನಗೆ ಬಹಳ ಹಿಡಿಸುತ್ತವೆ. ಒಂದು, ಬರಹದ ಬಿಗಿ. ಯಾರ ಆಳ್ವಿಕೆ, ಯಾವ ಕಾಳಗ, ಸತ್ತವನು ಯಾರು, ಕಲ್ಲು ನಿಲ್ಲಿಸಿದವರು ಯಾರು, ಅವನ ಮನೆಗೆ ಏನು ಕೊಟ್ಟರು. ಅಷ್ಟೇ. ಬೆಂಗಳೂರು ಎಂಬ ಹೆಸರು ನಮಗೆ ಸಿಕ್ಕಿರುವ ಬಲು ಹಳೆಯ ದಾಖಲೆ ಬೇಗೂರಿನ ವೀರಗಲ್ಲು, ಸುಮಾರು ಕ್ರಿ.ಶ. 900ರದ್ದು. ಅದರಲ್ಲಿ ಬೆಂಗಳೂರು ಬರುವುದು ಊರಿನ ವೈಭವಕ್ಕಾಗಿ ಅಲ್ಲ, ‘ಬೆಂಗಳೂರ ಕಾಳಗ’ದಲ್ಲಿ ಸತ್ತವರ ಲೆಕ್ಕ ಹೇಳುವಾಗ. ಸತ್ತವರ ಊರು, ಸ್ಥಳ ಸರಿಯಾಗಿ ಬರೆದಿಟ್ಟದ್ದರಿಂದ ಒಂದು ಮಹಾನಗರಕ್ಕೆ ತನ್ನ ಹೆಸರಿನ ಹಳಮೆ ಗೊತ್ತಾಯಿತು.

ಇನ್ನೊಂದು ಸಂಗತಿ ಆತಕೂರಿನ ಕಲ್ಲಿನದು. ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕ ಈ ಶಾಸನ ಕ್ರಿ.ಶ. 949-50ರದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ ಸುದ್ದಿ ಅದರಲ್ಲಿದೆ. ಆದರೆ ಕಲ್ಲು ನಿಲ್ಲಿಸಿದ್ದು ಅದಕ್ಕಲ್ಲ. ಗಂಗ ದೊರೆ ಬೂತುಗನ ಬಂಟ ಮಣಲೇರ ಆ ಯುದ್ಧದಲ್ಲಿ ಮೆರೆದ ಸಾಹಸಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಒಂದು ಹಂದಿಯೊಡನೆ ಕಾದಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದಕ್ಕೆ ಮಣಲೇರ ಕಲ್ಲು ನಿಲ್ಲಿಸಿದ. ನಾಯಿಗೂ ಕಲ್ಲು ಇತ್ತು, ಕಲ್ಲಿನಲ್ಲಿ ನಾಯಿಗೂ ಹೆಸರಿತ್ತು.

ಈಗ ಇರಾಕಿನ ಬಸ್ರಾಕ್ಕೆ ಬನ್ನಿ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ ಸತ್ತು, ಸಮಾಧಿ ಸಿಗದ 40,000ಕ್ಕೂ ಹೆಚ್ಚು ಮಂದಿಗೆ 1929ರಲ್ಲಿ ಅಲ್ಲೊಂದು ಸ್ಮಾರಕ ತೆರೆದರು. ಬ್ರಿಟಿಷ್ ಸೈನಿಕರಿಗೆ ಹೆಸರು ಕೆತ್ತಿದರು, ಭಾರತೀಯ ಅಧಿಕಾರಿಗಳಿಗೂ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳಿಗೆ ಮಾತ್ರ ಪ್ರತಿ ರೆಜಿಮೆಂಟಿನ ಕೆಳಗೆ ಒಂದು ಸಂಖ್ಯೆ ಕೆತ್ತಿ ಕೈತೊಳೆದುಕೊಂಡರು. ಎಲ್ಲರಿಗೂ ಸಮಾನ ಗೌರವ, ಪದವಿ ಧರ್ಮದ ಭೇದವಿಲ್ಲ ಎಂಬುದು ಅದನ್ನು ಕಟ್ಟಿದ ಸಮರ ಸಮಾಧಿ ಆಯೋಗದ ಘೋಷಿತ ತತ್ವವಾಗಿತ್ತು ಎಂಬುದನ್ನೂ ನೆನಪಿಡಿ. 2021ರಲ್ಲಿ ಆಯೋಗವೇ ನೇಮಿಸಿದ ಸಮಿತಿ ಹಳೆಯ ಕಡತ ತೆರೆದಾಗ, ಆಫ್ರಿಕಾ ಮತ್ತು ಮಧ್ಯಪ್ರಾಚ್ಯದ ಕನಿಷ್ಠ 1,16,000 ಮಂದಿಗೆ ಹೆಸರಿನ ಸ್ಮರಣೆ ಸಿಕ್ಕಿಲ್ಲವೆಂದು ಗೊತ್ತಾಯಿತು. ಆಯೋಗ ಕ್ಷಮೆ ಕೇಳಿತು. ನಮ್ಮ ಸೀಮೆಯ ಒಂದು ನಾಯಿಗೆ ಹತ್ತನೆಯ ಶತಮಾನದಲ್ಲಿ ಸಿಕ್ಕ ಮರ್ಯಾದೆ, ಇಪ್ಪತ್ತನೆಯ ಶತಮಾನದಲ್ಲಿ ಸಾವಿರಾರು ಸಿಪಾಯಿಗಳಿಗೆ ಸಿಗಲಿಲ್ಲ. ದುಡ್ಡಿರಲಿಲ್ಲ ಎಂದಲ್ಲ, ಜಾಗವಿರಲಿಲ್ಲ ಎಂದಲ್ಲ. ಅವರ ಹೆಸರು ಮುಖ್ಯ ಎಂದು ಯಾರಿಗೂ ಅನ್ನಿಸಲಿಲ್ಲ. ನಾನು ಹೆಸರು ಹೆಸರು ಎಂದು ನಿಮ್ಮ ತಲೆ ತಿನ್ನುತ್ತಿರುವುದು ಇದಕ್ಕೇ.

ಆ ಸಮಾನತೆಯನ್ನು ನೀವಾದರೂ ಪಾಲಿಸಿ. ಎಲ್ಲ ಹೆಸರಿಗೂ ಒಂದೇ ಅಳತೆಯ ಅಕ್ಷರ ಇರಲಿ. ಸುಬೇದಾರ್ ಮೇಲೆ, ಸಿಪಾಯಿ ಕೆಳಗೆ ಎಂದು ಜೋಡಿಸಬೇಡಿ. ಪದಕ ಬಂದವನಿಗೆ ಹೆಸರಿನ ಪಕ್ಕ ಪದಕ ಬರೆಯಿರಿ, ಸಾಲಿನಲ್ಲಿ ಮುಂದೆ ತರಬೇಡಿ. ಮಡಿದ ದಿನಾಂಕದ ಪ್ರಕಾರ ಬರೆದರೆ ಯಾರೂ ತಕರಾರು ಎತ್ತುವಂತಿಲ್ಲ. ಓಣಿವಾರು, ಜಾತಿವಾರು, ಧರ್ಮವಾರು ಪಟ್ಟಿ ಮಾತ್ರ ಕನಸಿನಲ್ಲಿಯೂ ಬೇಡ. ಊರೊಳಗೆ ಬೇರೆ ಬೇರೆ ಬಾವಿಯ ನೀರು ಕುಡಿದವರೇ ಇರಬಹುದು, ಬಂಕರಿನಲ್ಲಿ ಒಂದೇ ಬಾಟಲಿಯಿಂದ ಕುಡಿದಿದ್ದಾರೆ. ಹೆಸರು, ದಳ, ಮಡಿದ ದಿನ, ಮಡಿದ ಸ್ಥಳ, ವಯಸ್ಸು. ಇಷ್ಟು ಬರೆದರೆ ಸಾಕು. ‘ವೀರಾಗ್ರಣಿ’, ‘ಸಿಡಿಲಮರಿ’ ಎಂಬ ಬಿರುದಾವಳಿ ಬೇಡ. ‘ವಯಸ್ಸು 21’ ಎಂಬ ಒಂದು ಮಾತು ಬಿರುದುಗಳಿಗಿಂತ ಹೆಚ್ಚು ಹೇಳುತ್ತದೆ. ಶತ್ರುವನ್ನು ಬೈಯುವ ಘೋಷಣೆಗಳೂ ಬೇಡ. ಅವು ಚುನಾವಣೆಯ ಗೋಡೆಗೆ ಸರಿ, ಸತ್ತವರ ನೆರಳಿಗೆ ಸಲ್ಲ.

ಇನ್ನೊಂದು ಮಾತು ನಿಮಗೆ ಕಹಿಯಾಗಬಹುದು. ಊರೂರಿನ ಸ್ಮಾರಕಗಳನ್ನು ನೋಡಿದ್ದೇನೆ. ಸೈನಿಕನ ಹೆಸರು ಒಂದು ಅಂಗುಲ. ಉದ್ಘಾಟಿಸಿದವರ, ಅಧ್ಯಕ್ಷತೆ ವಹಿಸಿದವರ, ‘ಘನ ಉಪಸ್ಥಿತಿ’ಯವರ, ಗುತ್ತಿಗೆದಾರರ ಹೆಸರು ಎರಡು ಅಂಗುಲ. ನಮ್ಮ ಹಳಬರೂ ಕಲ್ಲು ನಿಲ್ಲಿಸಿದವರ ಹೆಸರು ಬರೆದಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಅವರು ಭೂಮಿಯನ್ನೂ ಕೊಟ್ಟಿದ್ದಾರೆ. ನೀವು ‘ಊರ ಜನ ನಿಲ್ಲಿಸಿದ ಕಲ್ಲು’ ಎಂದು ಒಂದು ಸಾಲು, ಇಸವಿ, ಇಷ್ಟು ಬರೆಯಿರಿ. ದಾನಿಗಳ ಪಟ್ಟಿ ಪಂಚಾಯಿತಿ ಕಚೇರಿಯಲ್ಲಿ ಚೌಕಟ್ಟು ಹಾಕಿಸಿ ತೂಗುಹಾಕಿ. ಒಬ್ಬ ದೊಡ್ಡ ದಾನಿಯನ್ನು ಹುಡುಕುವುದಕ್ಕಿಂತ ಪ್ರತಿ ಮನೆಯಿಂದ ನೂರು ರೂಪಾಯಿ ಎತ್ತಿ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಎಲ್ಲರೂ ಕೊಟ್ಟ ಕಲ್ಲಿಗೆ ಎಲ್ಲರೂ ಕಾವಲು ನಿಲ್ಲುತ್ತಾರೆ.

ಜಾಗದ ವಿಷಯಕ್ಕೆ ಬರೋಣ. ಬಸ್ ನಿಲ್ದಾಣದ ವೃತ್ತದ ನಡುವೆ ಪ್ರತಿಮೆ ನಿಲ್ಲಿಸುವ ಯೋಚನೆಯಲ್ಲಿದ್ದೀರಿ ಎಂದು ಕೇಳಿದೆ. ಬೇಡ. ಸಾರ್ವಜನಿಕ ರಸ್ತೆ, ಕಾಲುದಾರಿಗಳ ಮೇಲೆ ಪ್ರತಿಮೆ ಇತ್ಯಾದಿ ನಿಲ್ಲಿಸಲು ರಾಜ್ಯಗಳು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶ ಮಾಡಿದೆ. ಕಾನೂನಿನ ಮಾತು ಪಕ್ಕಕ್ಕಿಡಿ. ನಾಳೆ ರಸ್ತೆ ಅಗಲವಾದರೆ ಜೆಸಿಬಿ ಮೊದಲು ಬರುವುದು ಅಲ್ಲಿಗೇ. ಯಾವುದೋ ಒಂದು ಗುಡಿಯ ಮುಂದೆಯೂ ಬೇಡ, ಅಲ್ಲಿಗೆ ಊರಿನ ಎಲ್ಲರ ಕಾಲೂ ಹೋಗುವುದಿಲ್ಲ. ಸರ್ಕಾರಿ ಶಾಲೆಯ ಆವರಣ, ಪಂಚಾಯಿತಿ ಅಂಗಳ, ಕೆರೆ ದಂಡೆ ಒಳ್ಳೆಯವು. ಶಾಲೆ ಎಲ್ಲಕ್ಕಿಂತ ಒಳ್ಳೆಯದು. ಸತ್ತವರಲ್ಲಿ ಬಹಳ ಮಂದಿ ಅದೇ ಶಾಲೆಯ ಬೆಂಚಿನಿಂದ ಎದ್ದುಹೋದವರು. ಗ್ರಾಮಸಭೆಯ ನಿರ್ಣಯ ಆಗಬೇಕು, ಪಂಚಾಯಿತಿಯ ಆಸ್ತಿ ವಹಿಯಲ್ಲಿ ಸ್ಮಾರಕದ ಹೆಸರು ಏರಬೇಕು. ಅಲ್ಲಿ ಏರದಿದ್ದರೆ ಅದಕ್ಕೆ ದಿಕ್ಕಿಲ್ಲ.

ಹಾಗೆಯೇ ಇನ್ನೊಂದು ನೋಡಿ. 2023ರಲ್ಲಿ ‘ನನ್ನ ಮಣ್ಣು ನನ್ನ ದೇಶ’ ಅಭಿಯಾನದಲ್ಲಿ ಪಂಚಾಯಿತಿಗಳು ಊರಿನ ವೀರರ ಹೆಸರು ಹೊತ್ತ ಶಿಲಾಫಲಕಗಳನ್ನು ನಿಲ್ಲಿಸಿದವು. ನಮ್ಮ ಪಂಚಾಯಿತಿಯ ಫಲಕದಲ್ಲಿ ಯಾರಿದ್ದಾರೆ, ಯಾರಿಲ್ಲ, ಹೆಸರು ಸರಿ ಇವೆಯೇ ಎಂದು ಮೊದಲು ಓದಿ ಬನ್ನಿ. ಇರುವ ಫಲಕವನ್ನು ತಿದ್ದಿ ಬೆಳೆಸಲು ಸಾಧ್ಯವಿದ್ದರೆ ಹೊಸ ಕಲ್ಲಿನ ದುಡ್ಡು ಉಳಿಯುತ್ತದೆ, ಒಂದೇ ಊರಿನಲ್ಲಿ ಎರಡು ಪಟ್ಟಿ ಜಗಳವಾಡುವುದೂ ತಪ್ಪುತ್ತದೆ.

ಕಲ್ಲು ತರುವಾಗ ಅಮೃತಶಿಲೆಯ ಬಿಳುಪಿಗೆ ಮರುಳಾಗಬೇಡಿ. ನಮ್ಮ ಮಳೆ ಬಿಸಿಲಿಗೆ ಅದು ಬೇಗ ಮಂಕಾಗುತ್ತದೆ, ಅಕ್ಷರ ಸವೆಯುತ್ತದೆ. ಗ್ರಾನೈಟಿಗೆ ನಮ್ಮ ನಾಡಿನಲ್ಲಿ ಬರವಿಲ್ಲ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಎರಡೂ ಹೆಸರಾದ ಕಲ್ಲುಗಳು. ಅಕ್ಷರ ಆಳವಾಗಿ ಕೆತ್ತಿಸಿ. ಬರೀ ಬಂಗಾರದ ಬಣ್ಣದ ಬರಹ ನಾಲ್ಕು ಮಳೆಗಾಲ ಬಾಳುವುದಿಲ್ಲ. ಬುಡದಲ್ಲಿ ನೀರು ನಿಲ್ಲದಂತೆ ಕಟ್ಟೆ ಎತ್ತರಿಸಿ. ಮುಖ್ಯವಾಗಿ, ಕಲ್ಲಿನ ಕೆಳಗಡೆ ಖಾಲಿ ಜಾಗ ಬಿಡಿ.

ಖಾಲಿ ಜಾಗ ಯಾಕೆ ಎನ್ನುತ್ತೀರಾ? ಕೊಡಗಿನ ಅಜ್ಜಮಾಡ ದೇವಯ್ಯನವರ ಕತೆ ಕೇಳಿ. ಸ್ಕ್ವಾಡ್ರನ್ ಲೀಡರ್ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು ಮರಳಲಿಲ್ಲ. ಏನಾಯಿತೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಮಗಿಂತ ವೇಗದ ಶತ್ರು ವಿಮಾನವನ್ನು ಅವರು ಕಾದಾಡಿ ಉರುಳಿಸಿದ್ದರೆಂಬ ಸಂಗತಿ, ಪಾಕಿಸ್ತಾನದ ಪರವಾಗಿ ಬ್ರಿಟಿಷ್ ಲೇಖಕನೊಬ್ಬ ಬರೆದ ಪುಸ್ತಕ 1979ರಲ್ಲಿ ಹೊರಬಂದಾಗ ಬೆಳಕಿಗೆ ಬಂತು. 1988ರಲ್ಲಿ, ಇಪ್ಪತ್ತಮೂರು ವರ್ಷದ ನಂತರ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಇಂದು ಮಡಿಕೇರಿಯ ಬಸ್ ನಿಲ್ದಾಣದ ಬಳಿ ಅವರ ಪ್ರತಿಮೆ ಇದೆ. ಸತ್ಯ ತಡವಾಗಿ ಬರುತ್ತದೆ, ಅದಕ್ಕೆ ಕಲ್ಲಿನಲ್ಲಿ ಜಾಗ ಇರಬೇಕು. ನೀವು ಎಷ್ಟು ಹುಡುಕಿದರೂ ಒಂದಿಬ್ಬರು ತಪ್ಪಿಹೋಗಿರುತ್ತಾರೆ, ಅವರಿಗೂ ಇರಬೇಕು. ಮುಂದೆ ಸಾಯುವವರಿಗೆಂದು ನಾನು ಹೇಳುತ್ತಿಲ್ಲ. ಆ ಜಾಗ ಎಂದೆಂದೂ ಖಾಲಿಯೇ ಇರಲಿ.

ಉದ್ಘಾಟನೆಯ ದಿನ ಮಾಡಬಾರದ್ದನ್ನು ಈಗಲೇ ಹೇಳಿಬಿಡುತ್ತೇನೆ. ಸ್ಮಾರಕದ ಮೇಲೆ ರಾಷ್ಟ್ರಧ್ವಜ ಹೊದಿಸಿ, ಅದನ್ನು ಎಳೆದು ಅನಾವರಣ ಮಾಡುವುದು ಕೆಲವು ಕಡೆ ರೂಢಿಯಾಗಿದೆ. ಅದು ಗೌರವವಲ್ಲ, ಅಪರಾಧ. ಪ್ರತಿಮೆಗೆ, ಸ್ಮಾರಕಕ್ಕೆ ಧ್ವಜವನ್ನು ಹೊದಿಕೆಯಾಗಿ ಬಳಸುವುದನ್ನು 1971ರ ರಾಷ್ಟ್ರೀಯ ಗೌರವ ಕಾಯ್ದೆ, 2002ರ ಧ್ವಜ ಸಂಹಿತೆ ಎರಡೂ ನಿಷೇಧಿಸಿವೆ. ಒಂದು ಸಾದಾ ಬಟ್ಟೆ ಹೊದಿಸಿ, ಧ್ವಜವನ್ನು ಪಕ್ಕದಲ್ಲಿ ಕಂಬದ ಮೇಲೆ ಹಾರಿಸಿ. ಅನುಮತಿಯಿಲ್ಲದೆ ಸಿಂಹಲಾಂಛನ ಕೆತ್ತಿಸಬೇಡಿ, ಅದಕ್ಕೂ 2005ರ ಕಾಯ್ದೆ ಇದೆ. ಪರದೆ ಸರಿಸುವ ಕೈ ಯಾರದ್ದು ಎಂದು ತಲೆ ಕೆಡಿಸಿಕೊಳ್ಳಬೇಡಿ. ಮಡಿದವರ ತಾಯಿ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಇರುವಾಗ ಬೇರೆಯವರ ಹೆಸರು ಏಳುವುದೇ ಬೇಡ. ದೊಡ್ಡವರು ಬರಲಿ, ಮೊದಲ ಸಾಲಿನಲ್ಲಿ ಕೂತು ನೋಡಲಿ. ಅವರ ಪಕ್ಕದಲ್ಲಿ, ಯುದ್ಧದಿಂದ ಕೈಕಾಲು ಕಳೆದುಕೊಂಡು ಬದುಕಿ ಬಂದವರಿಗೆ ಕುರ್ಚಿ ಹಾಕಿ. ಅವರನ್ನೂ ಈ ಊರು ಅಷ್ಟಾಗಿ ವಿಚಾರಿಸಿಲ್ಲ.

ಆ ಮನೆಗಳಿಗೆ ಹೋಗುವಾಗ ಕಾಲು ನಿಧಾನ ಇಡಿ. ಕೆಲವು ಮನೆಗಳಲ್ಲಿ ಅತ್ತೆ ಸೊಸೆಗೆ ಮಾತಿರುವುದಿಲ್ಲ. ಪರಿಹಾರದ ಹಣ ಮನೆ ಒಡೆದಿರುತ್ತದೆ. ಹೆಂಡತಿ ಮರುಮದುವೆಯಾಗಿ ಬೇರೆ ಊರಿನಲ್ಲಿರುತ್ತಾಳೆ. ಅವಳನ್ನೂ ಕರೆಯಿರಿ, ತಲೆತಗ್ಗಿಸಿ ಕೂರುವಂತೆ ಮಾಡಬೇಡಿ. ಇಪ್ಪತ್ತೆರಡನೆಯ ವಯಸ್ಸಿಗೆ ವಿಧವೆಯಾದವಳು ಬದುಕು ಕಟ್ಟಿಕೊಂಡದ್ದು ಯಾರಿಗೂ ಮಾಡಿದ ದ್ರೋಹವಲ್ಲ. ಫೋಟೋ ಕೇಳುವ ಮುಂಚೆ ಅನುಮತಿ ಕೇಳಿ, ಪ್ರತಿ ತೆಗೆದುಕೊಂಡು ಮೂಲವನ್ನು ಅಂದೇ ಮರಳಿಸಿ. ವೇದಿಕೆಯ ಮೇಲೆ ತಾಯಿಯ ಕೈಗೆ ಮೈಕು ಕೊಟ್ಟು ಅಳಿಸಬೇಡಿ. ಸ್ಮಾರಕದ ಚಂದಾವನ್ನೂ ಮನೆಯವರ ನೆರವಿನ ಹಣವನ್ನೂ ಒಂದೇ ಡಬ್ಬಿಗೆ ಹಾಕಬೇಡಿ. ಹೋದಾಗ ಪಿಂಚಣಿ ಸರಿಯಾಗಿ ಬರುತ್ತಿದೆಯೇ, ಯಾವುದಾದರೂ ಕಾಗದ ನಿಂತಿದೆಯೇ ಎಂದು ಕೇಳಿ. ಬ್ಯಾಂಕಿಗೋ ಸೈನಿಕ ಕಲ್ಯಾಣ ಕಚೇರಿಗೋ ಅವರನ್ನು ಒಮ್ಮೆ ಬೈಕಿನಲ್ಲಿ ಕರೆದುಕೊಂಡು ಹೋಗಿಬನ್ನಿ. ಅದೂ ಸ್ಮಾರಕದ ಕೆಲಸವೇ.

ಈಗ ಎಲ್ಲಕ್ಕಿಂತ ಕಷ್ಟದ ಮಾತು, ಉದ್ಘಾಟನೆಯ ಮರುದಿನದ್ದು. ಆರಂಭಶೂರತ್ವ ನಮ್ಮ ಊರಿನ ಹಳೆಯ ಜಾಡ್ಯ. ಹಳಬರು ಇದಕ್ಕೆ ಕಂಡುಕೊಂಡಿದ್ದ ಉಪಾಯ ನೋಡಿ. ಕಲ್ಲು ನಿಲ್ಲಿಸುವಾಗಲೇ ಭೂಮಿ ಬಿಡುತ್ತಿದ್ದರು. ಹಾಗೆ ಕೊಟ್ಟ ದತ್ತಿಗೆ ನೆತ್ತರುಗೊಡಗೆ ಎನ್ನುತ್ತಿದ್ದರು, ಬಾಳ್ಗಳ್ಚು ಎನ್ನುತ್ತಿದ್ದರು. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದಾದ ಹಲ್ಮಿಡಿಯದ್ದು ಕೂಡ, ಕಾದಾಡಿ ಗೆದ್ದವನಿಗೆ ಬಾಳ್ಗಳ್ಚಾಗಿ ಊರು ಕೊಟ್ಟ ದಾಖಲೆ. ಆತಕೂರಿನ ನಾಯಿಯ ಕಲ್ಲಿಗೂ ಕೆರೆಯ ಕೆಳಗೆ ಗದ್ದೆ ಬಿಟ್ಟಿದ್ದರು. ಅಷ್ಟೇ ಅಲ್ಲ, ಆ ಸ್ಥಾನ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಆ ನಾಯಿ ಮಾಡಿದ ಪಾಪವೆಲ್ಲ ಅವನಿಗೇ ತಟ್ಟಲಿ ಎಂದು ಶಾಸನದಲ್ಲೇ ಬರೆಸಿಟ್ಟರು. ನಿರ್ವಹಣೆಯ ದುಡ್ಡು, ಜವಾಬ್ದಾರಿ ಯಾರದ್ದು ಎಂಬ ನಮೂದು, ತಪ್ಪಿದರೆ ದಂಡನೆ. ಮೂರೂ ಒಂದೇ ಕಲ್ಲಿನಲ್ಲಿ. ಇಂದಿನ ಯಾವ ಯೋಜನಾ ವರದಿಯಲ್ಲಿ ಇಷ್ಟು ಮುಂದಾಲೋಚನೆ ಇದೆ?

ನೀವು ಗದ್ದೆ ಬಿಡಬೇಕಿಲ್ಲ. ಎತ್ತಿದ ಹಣದಲ್ಲಿ ಕಾಲುಭಾಗವನ್ನು ಕಲ್ಲಿಗೆ ಹಾಕದೆ ಪಂಚಾಯಿತಿ ಮತ್ತು ಶಾಲೆಯ ಜಂಟಿ ಹೆಸರಿನಲ್ಲಿ ಠೇವಣಿ ಇಡಿ. ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ತೊಳೆಯುವುದು, ಅಕ್ಷರಕ್ಕೆ ಬಣ್ಣ ತುಂಬುವುದು, ಬೇಲಿ ರಿಪೇರಿ ನಡೆಯಲಿ. ಆಯಾ ವರ್ಷದ ಏಳನೆಯ ತರಗತಿಯ ಮಕ್ಕಳಿಗೆ ಸ್ಮಾರಕದ ಉಸ್ತುವಾರಿ ಒಪ್ಪಿಸಿ. ಜನವರಿ 15 ಸೇನಾ ದಿನ. 1949ರಲ್ಲಿ ನಮ್ಮ ಕೊಡಗಿನ ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ದಿನ. ಜುಲೈ 26 ಕಾರ್ಗಿಲ್ ದಿನ. ಅವೆಲ್ಲ ಇರಲಿ. ಅದಕ್ಕಿಂತ, ಕಲ್ಲಿನ ಮೇಲಿರುವ ಒಬ್ಬೊಬ್ಬರ ಮಡಿದ ದಿನ ಬಂದಾಗ ಶಾಲೆಯ ಪ್ರಾರ್ಥನೆಯಲ್ಲಿ ಆ ಹೆಸರನ್ನು ಒಂದು ಮಗು ಎದ್ದು ನಿಂತು ಓದಲಿ. ಹೆಸರು, ಊರು, ಸತ್ತ ಜಾಗ. ಅರ್ಧ ನಿಮಿಷದ ಕೆಲಸ. ಭಾಷಣ ಬೇಡ, ಫ್ಲೆಕ್ಸ್ ಬೇಡ.

ಕೊನೆಯದಾಗಿ, ಹೊಸ ಕಲ್ಲಿನ ಉತ್ಸಾಹದಲ್ಲಿ ಹಳೆಯ ಕಲ್ಲನ್ನು ತುಳಿಯಬೇಡಿ. ನಮ್ಮ ಕೆರೆ ಏರಿಯ ಮೇಲೆ ಎರಡು ವೀರಗಲ್ಲುಗಳಿವೆ. ಒಂದರ ಮೇಲೆ ಬಟ್ಟೆ ಒಗೆಯುತ್ತಾರೆ, ಇನ್ನೊಂದು ಅರ್ಧ ಹೂತಿದೆ. ಅವರೂ ಈ ಊರಿಗೇ ಸತ್ತವರು. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಕಿತ್ತಯ್ಯನೆಂಬ ವೀರನ ಕಲ್ಲು ಸಿಕ್ಕಿತು, ಎಂಟನೆಯ ಶತಮಾನದ್ದು, ಗಂಗ ಶ್ರೀಪುರುಷನ ಕಾಲದ್ದು. ಊರಿನವರು, ಶಾಸನದ ಆಸಕ್ತರು ಸೇರಿ ಅದಕ್ಕೊಂದು ಮಂಟಪ ಕಟ್ಟಿಸಿದರು. ಸಾವಿರದಿನ್ನೂರು ವರ್ಷದ ನಂತರವೂ ಅವನ ಹೆಸರು ಓದಲು ಸಿಕ್ಕಿತಲ್ಲ, ಅದು ಕೆತ್ತಿದವನ ಶ್ರದ್ಧೆ. ನಮ್ಮ ಎರಡು ಕಲ್ಲುಗಳನ್ನೂ ತೊಳೆದು ನೆಟ್ಟಗೆ ನಿಲ್ಲಿಸಿ. ಎಣ್ಣೆ, ಆಯಿಲ್ ಪೇಂಟ್ ಬಳಿಯಬೇಡಿ, ಅಕ್ಷರ ಮುಚ್ಚಿಹೋಗುತ್ತದೆ. ಬರಹವಿದ್ದರೆ ಓದಬಲ್ಲವರನ್ನು ಕರೆಸಿ.

ಇಷ್ಟು ಕೆಲಸಕ್ಕೆ ಒಂದು ವರ್ಷ ಹಿಡಿದರೂ ಹಿಡಿಯಲಿ. ಚುನಾವಣೆ ಬರುವುದರೊಳಗೆ ಮುಗಿಸಬೇಕೆಂಬ ಅವಸರ ಸತ್ತವರಿಗಿಲ್ಲ. ಅವಸರ ಇರುವುದು ಒಂದೇ ಕಡೆ. 62ರ, 65ರ ಹುಡುಗರ ಹೆಸರು ಬಲ್ಲ ಅಜ್ಜಿಯರು ಊರಿನಲ್ಲಿ ಇನ್ನು ಕೆಲವರೇ ಉಳಿದಿದ್ದಾರೆ, ಅವರ ನೆನಪೂ ಮಸುಕಾಗುತ್ತಿದೆ. ಶಿಲ್ಪಿಯ ಬಳಿಗೆ ಮುಂದಿನ ತಿಂಗಳು ಹೋದರಾಯಿತು. ಆ ಅಜ್ಜಿಯರ ಬಳಿಗೆ ಈ ಭಾನುವಾರವೇ ಹೋಗಿ, ಪುಸ್ತಕ ಪೆನ್ನು ತೆಗೆದುಕೊಂಡು ಹೋಗಿ.